ಸವಕಳಿ ಮಾಡೆಲ್ ಕೊಟ್ಟ ಅಂಕಿ ನಂಬೋದಾ? ತಪ್ಪು ಎಲ್ಲಿದೆ ಅಂತ ಹುಡುಕುವ ಕ್ರಮ

ಬೆಂಗಳೂರಿನ ಆಸುಪಾಸಿನಲ್ಲಿ ಜಲಾನಯನದ ಕೆಲಸ ಮಾಡುವವರಿಗೆ ಕಂಪ್ಯೂಟರ್ ಮಾಡೆಲ್ ಕೊಡುವ ಈ ಮಣ್ಣಿನ ಸವಕಳಿ ನಕ್ಷೆ ಗೊತ್ತಿರುತ್ತದೆ. ಹಸಿರು, ಹಳದಿ, ಕೆಂಪು ಬಣ್ಣ. ಮೂಲೆಯಲ್ಲಿ ಒಂದು ಅಂಕಿ: ವರ್ಷಕ್ಕೆ ಹೆಕ್ಟೇರಿಗೆ 38.42 ಟನ್ ಮಣ್ಣು ಸವಕಳಿ. ನೋಡಲು ಚೆನ್ನಾಗಿದೆ. ಆದರೆ ಕೆಳಗಿನ ಕೆರೆಯಲ್ಲಿ ಅಷ್ಟು ಹೂಳೇ ಇಲ್ಲ. ಊರಿನವರಿಗೆ ಹೇಳಿದರೆ "ಅಷ್ಟು ಹೋಗಿದ್ರೆ ಇಷ್ಟೊತ್ತಿಗೆ ಬಂಡೆ ಮೇಲೆ ರಾಗಿ ಬಿತ್ತಬೇಕಾಗಿತ್ತು ಸಾರ್" ಅನ್ನುತ್ತಾರೆ.

ಆಗ ಸಾಮಾನ್ಯವಾಗಿ ಏನಾಗುತ್ತದೆ ಅಂದರೆ, ಮಾಡೆಲ್‌ನಲ್ಲಿ ಬದು ಮುಂತಾದ ರಕ್ಷಣೆಗೆ ಇರುವ ಪಿ ಅಂಶವನ್ನು 1ರಿಂದ 0.3ಕ್ಕೆ ಇಳಿಸುತ್ತಾರೆ. ಅಂಕಿ ಕೆರೆಯ ಹೂಳಿಗೆ ಹೊಂದಿಕೊಳ್ಳುತ್ತದೆ. ವರದಿ ಹೋಗುತ್ತದೆ. ತಪ್ಪು ಮಾತ್ರ ಎಲ್ಲಿತ್ತೋ ಅಲ್ಲೇ ಕೂತಿರುತ್ತದೆ, ಪಕ್ಕದ ಜಲಾನಯನಕ್ಕೆ ಅದೇ ಮಾಡೆಲ್ ಹಾಕಿದಾಗ ಮತ್ತೆ ತಲೆ ಎತ್ತುತ್ತದೆ.

ಹಾಗಾಗಿ ಒಂದೇ ನಿಯಮ. ತಪ್ಪು ಯಾವ ಜಾತಿಯದು ಅಂತ ಗೊತ್ತಾಗುವವರೆಗೆ ಯಾವ ಅಂಶವನ್ನೂ ತಿರುಚಬೇಡಿ. ಇಲ್ಲಿ ಹೇಳುವುದು ಮುಖ್ಯವಾಗಿ ಮಣ್ಣಿನ ಸವಕಳಿ ಲೆಕ್ಕ ಹಾಕುವ ಯುಎಸ್‌ಎಲ್‌ಇ (ಯೂನಿವರ್ಸಲ್ ಸಾಯಿಲ್ ಲಾಸ್ ಈಕ್ವೇಷನ್) ಸೂತ್ರ ಮತ್ತು ಅದರ ತಿದ್ದಿದ ರೂಪ ಆರ್‌ಯುಎಸ್‌ಎಲ್‌ಇ ಬಗ್ಗೆ. ನಮ್ಮಲ್ಲಿ ಹತ್ತರಲ್ಲಿ ಎಂಟು ವರದಿ ಇವುಗಳ ಮೇಲೇ ನಿಂತಿರುತ್ತವೆ. ಆರ್ (ಮಳೆಯ ಹೊಡೆತ), ಕೆ (ಮಣ್ಣಿನ ಗುಣ), ಎಲ್‌ಎಸ್ (ಇಳಿಜಾರು ಎಷ್ಟು ಉದ್ದ, ಎಷ್ಟು ಕಡಿದಾಗಿದೆ), ಸಿ (ಬೆಳೆಯ ಹೊದಿಕೆ), ಪಿ (ಬದು ಮುಂತಾದ ರಕ್ಷಣೆ), ಈ ಐದನ್ನೂ ಗುಣಿಸಿದರೆ ಉತ್ತರ. ಗುಣಾಕಾರ ಆದ್ದರಿಂದಲೇ ಪೀಕಲಾಟ. ಒಂದರ ತಪ್ಪು ಇನ್ನೊಂದರೊಳಗೆ ಅಡಗಿಕೊಳ್ಳುತ್ತದೆ.

ಉದಾಹರಣೆಗೆ ನೆಲಮಂಗಲದ ಕಡೆ 500 ಹೆಕ್ಟೇರಿನ ಒಂದು ಕಿರು ಜಲಾನಯನ ಅಂದುಕೊಳ್ಳೋಣ. ಮೇಲೆ ನೀಲಗಿರಿ ತೋಪು, ನಡುವೆ ರಾಗಿ ಹೊಲ, ಕೆಳಗೆ ಕೆರೆ. ಮಾಡೆಲ್ ಹೇಳಿದ್ದು 38 ಟನ್.

ಮೊದಲ ಪರೀಕ್ಷೆ: ಟನ್ ಬಿಟ್ಟು ಮಿಲಿಮೀಟರ್‌ನಲ್ಲಿ ಯೋಚಿಸಿ

ಒಂದು ಹೆಕ್ಟೇರಿನಲ್ಲಿ ಒಂದು ಮಿಲಿಮೀಟರ್ ಮಣ್ಣು ಅಂದರೆ 10 ಘನ ಮೀಟರ್. ಘನ ಮೀಟರಿಗೆ 1.3 ಟನ್ ಹಿಡಿದರೆ 13 ಟನ್ ತೂಕ. ಅಂದರೆ 38 ಟನ್ ಎಂದರೆ ವರ್ಷಕ್ಕೆ ಹೆಚ್ಚುಕಡಿಮೆ 3 ಮಿಲಿಮೀಟರ್. ಇಪ್ಪತ್ತು ವರ್ಷಕ್ಕೆ 6 ಸೆಂಟಿಮೀಟರ್. ಇಡೀ ಜಲಾನಯನದಲ್ಲಿ ಸರಾಸರಿ ಇಷ್ಟು ಹೋಗಿದ್ದರೆ ಹಳೆಯ ಬೇವಿನ ಮರದ ಬುಡದಲ್ಲಿ ಬೇರು ಎದ್ದು ಕಾಣಬೇಕು. ಕರೆಂಟು ಕಂಬದ ಬುಡದ ಕಾಂಕ್ರೀಟ್ ಹೊರಗೆ ಬಂದಿರಬೇಕು. ಬದುವಿನ ಮೇಲ್ಭಾಗದ ಹೊಲಕ್ಕೂ ಕೆಳಭಾಗದ ಹೊಲಕ್ಕೂ ಮೆಟ್ಟಿಲಿನಷ್ಟು ವ್ಯತ್ಯಾಸ ಇರಬೇಕು.

ನಕ್ಷೆಯ ಕಡುಗೆಂಪು ಪಿಕ್ಸೆಲ್‌ಗಳಿಗೂ ಇದೇ ಲೆಕ್ಕ ಹಾಕಿ. 400 ಟನ್ ಅಂತ ಬರೆದಿದ್ದರೆ ವರ್ಷಕ್ಕೆ 3 ಸೆಂಟಿಮೀಟರ್, ಹತ್ತು ವರ್ಷಕ್ಕೆ ಒಂದು ಅಡಿ. ಅಲ್ಲಿ ಇರುವ ಮಣ್ಣೇ ಒಂದೂವರೆ ಅಡಿ ಆಗಿದ್ದರೆ? ಈ ಲೆಕ್ಕಕ್ಕೆ ಎರಡು ನಿಮಿಷ ಸಾಕು. ಆದರೂ ವರದಿ ಬರೆಯುವವರು ಇದನ್ನು ಯಾಕೋ ಮಾಡುವುದೇ ಇಲ್ಲ.

ಹೋಲಿಸುತ್ತಿರುವುದು ಒಂದೇ ವಸ್ತುವನ್ನೇನಾ?

ಮಾಡೆಲ್ ತಪ್ಪು ಅಂತ ತೀರ್ಮಾನ ಮಾಡುವ ಮೊದಲು ಇದನ್ನು ನೋಡಿಕೊಳ್ಳಬೇಕು. ಯುಎಸ್‌ಎಲ್‌ಇ ಹೇಳುವುದು ಹೊಲದಲ್ಲಿ ಕಿತ್ತುಬಂದ ಮಣ್ಣಿನ ಲೆಕ್ಕ, ಅದೂ ಹಲವು ವರ್ಷಗಳ ಸರಾಸರಿ. ಕೆರೆಗೆ ಬಂದು ಸೇರಿದ ಮಣ್ಣು ಬೇರೆ. ಕಿತ್ತುಬಂದ ಮಣ್ಣಿನಲ್ಲಿ ದೊಡ್ಡ ಪಾಲು ಬದುವಿನ ಹಿಂದೆ, ಹೊಲದ ಮೂಲೆಯಲ್ಲಿ, ಬೇಲಿಯ ಬುಡದಲ್ಲಿ ನಿಂತುಬಿಡುತ್ತದೆ. ಇಡೀ ದೇಶಕ್ಕೆ 1983ರಲ್ಲಿ ಧ್ರುವ ನಾರಾಯಣ ಮತ್ತು ರಾಮ್ ಬಾಬು ಮಾಡಿದ ಅಂದಾಜು ಇದನ್ನೇ ಹೇಳುತ್ತದೆ. ವರ್ಷಕ್ಕೆ 533.4 ಕೋಟಿ ಟನ್ ಮಣ್ಣು ಕಿತ್ತುಬರುತ್ತದೆ. ಅದರಲ್ಲಿ ಶೇಕಡ 29 ಸಮುದ್ರಕ್ಕೆ, ಶೇಕಡ 10 ಜಲಾಶಯಗಳಿಗೆ. ಉಳಿದ ಶೇಕಡ 61 ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿದದ್ದು, ಅಷ್ಟೆ.

ಈಗ ನಮ್ಮ ಕೆರೆಗೆ ಬರೋಣ. ಹೂಳು ತೆಗೆದು ಹತ್ತು ವರ್ಷ ಆಗಿದೆ, ಈಗ 15,000 ಘನ ಮೀಟರ್ ಹೂಳಿದೆ ಅಂತಿಟ್ಟುಕೊಳ್ಳಿ. ಘನ ಮೀಟರಿಗೆ 1.2 ಟನ್ ಹಿಡಿದರೆ 18,000 ಟನ್. ವರ್ಷಕ್ಕೆ 1,800. 500 ಹೆಕ್ಟೇರಿಗೆ ಭಾಗಿಸಿದರೆ ಹೆಕ್ಟೇರಿಗೆ 3.6 ಟನ್. ಇಲ್ಲಿಗೇ ನಿಲ್ಲಿಸಿದರೆ ಮಾಡೆಲ್ ಹತ್ತು ಪಟ್ಟು ತಪ್ಪು ಅಂತ ಕಾಣುತ್ತದೆ. ಆದರೆ ಕೋಡಿ ಬಿದ್ದಾಗ ಸಣ್ಣ ಕಣ ನೀರಿನ ಜೊತೆ ಆಚೆ ಹೋಗಿದೆ. ಕೆರೆ ಹಿಡಿದಿಟ್ಟದ್ದು ಶೇಕಡ 80 ಅಂದುಕೊಂಡರೆ, ಬಂದು ಸೇರಿದ್ದು 4.5 ಟನ್. ಇನ್ನು ಕಿತ್ತುಬಂದದ್ದರಲ್ಲಿ ಕೆರೆಯವರೆಗೆ ತಲುಪಿದ ಪಾಲು ಎಷ್ಟು? ಜಲಾನಯನದ ವಿಸ್ತೀರ್ಣದಿಂದ ಈ ಪಾಲು ತೆಗೆಯುವ ವನೋನಿ ಸೂತ್ರದ ಪ್ರಕಾರ 5 ಚದರ ಕಿಲೋಮೀಟರಿಗೆ (500 ಹೆಕ್ಟೇರ್) ಸುಮಾರು 0.39. 4.5ನ್ನು 0.39ರಿಂದ ಭಾಗಿಸಿದರೆ 11.5ರ ಹತ್ತಿರ ಬರುತ್ತದೆ.

ಅಂದರೆ ಹೋಲಿಸಬೇಕಾದದ್ದು 38ನ್ನು 11.5ರ ಜೊತೆ. ಹತ್ತು ಪಟ್ಟಿನ ತಪ್ಪು ಮೂರೂಕಾಲು ಪಟ್ಟಿಗೆ ಇಳಿಯಿತು, ಮಾಡೆಲ್ ಮುಟ್ಟದೆಯೇ.

ವನೋನಿ ಸೂತ್ರವೂ ಅಮೆರಿಕದ್ದೇ. ನಮ್ಮ ಕೆರೆ ಸರಪಳಿ ಅದಕ್ಕೆ ಗೊತ್ತಿಲ್ಲ. ಮೇಲೆ ಇನ್ನೆರಡು ಕಟ್ಟೆ ಇದ್ದರೆ ಅವು ಮೊದಲೇ ಹೂಳು ಹಿಡಿದಿರುತ್ತವೆ. ತಿಪ್ಪಗೊಂಡನಹಳ್ಳಿ ಜಲಾಶಯದ 1,400ಕ್ಕೂ ಜಾಸ್ತಿ ಚದರ ಕಿಲೋಮೀಟರ್ ಜಲಾನಯನಕ್ಕೆ ಒಂದೇ ಸೂತ್ರ ಹಾಕಿ ಕೂತರೆ, ಅರ್ಕಾವತಿ ಮತ್ತು ಕುಮುದ್ವತಿಯ ದಾರಿಯಲ್ಲಿರುವ ಕೆರೆಗಳೆಲ್ಲ ಲೆಕ್ಕದಿಂದಲೇ ಮಾಯ. ಕೆರೆ ಕೆರೆಗೂ ಪ್ರತ್ಯೇಕ ಲೆಕ್ಕ ಹಾಕುವುದು ಬೇಸರದ ಕೆಲಸ. ಅಡ್ಡದಾರಿ ಇಲ್ಲ.

ತಪ್ಪು ಎಷ್ಟು ಪಟ್ಟು? ಆ ಪಟ್ಟೇ ಸುಳಿವು ಕೊಡುತ್ತದೆ

ಮಾಡೆಲ್ ಅಂಕಿಯನ್ನು ನಿಜ ಇರಬಹುದಾದ ಅಂಕಿಯಿಂದ ಭಾಗಿಸಿ. ಉತ್ತರ ಈ ಕೆಳಗಿನ ಯಾವುದಕ್ಕಾದರೂ ಹತ್ತಿರ ಇದ್ದರೆ ಮೊದಲು ಅಳತೆಯ ಮಾನ ನೋಡಿ.

7.6 ಪಟ್ಟು ಜಾಸ್ತಿ: ಕೆ ಬೆಲೆ ಅಮೆರಿಕದ ಮಾನದಲ್ಲೇ ಇದೆ. 0.1317ರಿಂದ ಗುಣಿಸಿಲ್ಲ. ಮಣ್ಣಿನ ಕೆ 0.2, 0.3 ಅಂತ ಇದ್ದರೆ ಬಹುಶಃ ಇದೇ. ಈಗಿನ ಮೆಟ್ರಿಕ್ ಮಾನದಲ್ಲಿ ಅದು 0.03ರ ಆಸುಪಾಸು ಇರಬೇಕು.

17 ಪಟ್ಟು ಕಡಿಮೆ: ಆರ್ ಅಮೆರಿಕದ ಮಾನದಲ್ಲಿದೆ. 17.02ರಿಂದ ಗುಣಿಸಬೇಕು.

ಹತ್ತಿರ ಹತ್ತಿರ ಹತ್ತು ಪಟ್ಟು ಕಡಿಮೆ: ಇದು ನಮ್ಮ ದೇಶದ ವಿಶೇಷ. ವಾರ್ಷಿಕ ಮಳೆಯಿಂದ ಆರ್ ತೆಗೆಯಲು ಎಲ್ಲರೂ ಬಳಸುವ ಸೂತ್ರ, 79ಕ್ಕೆ ಮಳೆಯ 0.363 ಪಟ್ಟು ಕೂಡಿಸುವುದು, ಹುಟ್ಟಿದ್ದು ಹಳೆಯ ಮೆಟ್ರಿಕ್ ಮಾನದಲ್ಲಿ. ಬೆಂಗಳೂರಿನ ಸುಮಾರು 970 ಮಿಲಿಮೀಟರ್ ಮಳೆಗೆ 431 ಬರುತ್ತದೆ. ಈಗಿನ ಮಾನಕ್ಕೆ ತರಲು 9.81ರಿಂದ ಗುಣಿಸಬೇಕು, ಆಗ 4,200 ದಾಟುತ್ತದೆ. ಎಷ್ಟೋ ಲೇಖನಗಳಲ್ಲಿ 431ರ ಮುಂದೆಯೇ ಹೊಸ ಮಾನದ ಹೆಸರು ಬರೆದಿರುತ್ತಾರೆ. ಒಬ್ಬರದು ನೋಡಿ ಇನ್ನೊಬ್ಬರು ಬರೆಯುತ್ತಾ ಬಂದಿದ್ದಾರೆ.

2.24 ಪಟ್ಟು: ಎಕರೆಗೆ ಟನ್ ಮತ್ತು ಹೆಕ್ಟೇರಿಗೆ ಟನ್ ಕಲಸಿಹೋಗಿದೆ.

ಇದರಲ್ಲಿ ನಿಜವಾಗಿ ಭಯ ಹುಟ್ಟಿಸುವುದು ಬೇರೆ ಇದೆ. ಆರ್ ಅನ್ನು ಪರಿವರ್ತಿಸದೆ ಬಿಟ್ಟು, ಕೆ ಅನ್ನೂ ಅಮೆರಿಕದ ಮಾನದಲ್ಲೇ ಬಿಟ್ಟರೆ? ಒಂದು 9.81 ಪಟ್ಟು ಇಳಿಸುತ್ತದೆ, ಇನ್ನೊಂದು 7.6 ಪಟ್ಟು ಏರಿಸುತ್ತದೆ. ಕೊನೆಗೆ ಉತ್ತರ ಸರಿಯಾದದ್ದರ 0.77ರಷ್ಟು. ನೋಡಲು ಎಷ್ಟು ಸಭ್ಯವಾದ ಅಂಕಿ! ಯಾರಿಗೂ ಅನುಮಾನ ಬರುವುದಿಲ್ಲ. ಅಂಕಿ ನಂಬುವ ಹಾಗಿದೆ ಅನ್ನುವ ಒಂದೇ ಕಾರಣಕ್ಕೆ ಈ ಹಂತ ದಾಟಿಸಬೇಡಿ. ಪ್ರತಿ ಲೇಯರಿನ (ಒಂದೊಂದು ಅಂಶದ ನಕ್ಷೆಯ) ಮಾನವನ್ನು ಕಾಗದದಲ್ಲಿ ಬರೆದು, ಗುಣಿಸಿದಾಗ ಕೊನೆಗೆ ಹೆಕ್ಟೇರಿಗೆ ಟನ್ ಉಳಿಯುತ್ತದಾ ಅಂತ ನೋಡಿ.

ನಮ್ಮ ಉದಾಹರಣೆಯ ಮೂರೂಕಾಲು ಪಟ್ಟು ಇಲ್ಲಿನ ಯಾವುದಕ್ಕೂ ಹೊಂದುವುದಿಲ್ಲ. ಮುಂದೆ ಹೋಗೋಣ.

ನಕ್ಷೆಯಲ್ಲಿ ತೂತು, ಬಯಲಿನಲ್ಲಿ ಕೆಂಪು

ಗುಡ್ಡದ ಬುಡದಲ್ಲಿ ಉಂಗುರದ ಹಾಗೆ ಖಾಲಿ ಪಿಕ್ಸೆಲ್‌ಗಳು. ಕೆರೆ ಅಚ್ಚುಕಟ್ಟಿನ ಗದ್ದೆ ಬಯಲು ಮಾತ್ರ ಕಡುಗೆಂಪು. ಶಿವಗಂಗೆಯ ಸುತ್ತ ಹೀಗೆ ಕಂಡರೆ ಬೇರೆಲ್ಲೂ ಹುಡುಕಬೇಡಿ. ಇಳಿಜಾರು ಡಿಗ್ರಿಯಲ್ಲಿದೆ, ಸಾಫ್ಟ್‌ವೇರ್‌ನ ಸೈನ್ ಲೆಕ್ಕ ರೇಡಿಯನ್ ಕೇಳುತ್ತಿದೆ. 4 ಡಿಗ್ರಿಯನ್ನು 4 ರೇಡಿಯನ್ ಅಂತ ಓದಿದರೆ ಸೈನ್ ಋಣ ಸಂಖ್ಯೆ ಆಗುತ್ತದೆ. ಎಲ್‌ಎಸ್ ಸೂತ್ರ ಆ ಸೈನ್‌ಗೆ 1.3ರ ಘಾತ ಕೇಳುತ್ತದೆ, ಋಣ ಸಂಖ್ಯೆಗೆ ಅದನ್ನು ಹಾಕಲು ಬರುವುದಿಲ್ಲ, ಪಿಕ್ಸೆಲ್ ಖಾಲಿ. 3.14ರಿಂದ 6.28 ಡಿಗ್ರಿ ನಡುವಿನ ಇಳಿಜಾರೆಲ್ಲ ಹೀಗೇ ಮಾಯವಾಗುತ್ತದೆ. 1 ಡಿಗ್ರಿಯ ಬಯಲಿನ ಸೈನ್ ಮಾತ್ರ 48 ಪಟ್ಟು ಉಬ್ಬುತ್ತದೆ. 0.01745ರಿಂದ ಗುಣಿಸಿದರೆ ಸರಿಹೋಗುತ್ತದೆ.

ಎಲ್ಲ ಕಡೆಯೂ ಇಳಿಜಾರು 90 ಡಿಗ್ರಿ ಹತ್ತಿರ ಬರುತ್ತಿದ್ದರೆ ಡಿಇಎಂ (ನೆಲದ ಎತ್ತರದ ಡಿಜಿಟಲ್ ನಕ್ಷೆ) ಇನ್ನೂ ಅಕ್ಷಾಂಶ ರೇಖಾಂಶದಲ್ಲೇ ಇದೆ. ದೂರವನ್ನು ಮೀಟರಿನಲ್ಲಿ ಅಳೆಯುವ ಯುಟಿಎಂ ಪದ್ಧತಿಗೆ ಬದಲಾಯಿಸಿ. ಬೆಂಗಳೂರು, ನೆಲಮಂಗಲ, ಹೊಸಕೋಟೆ ಎಲ್ಲ 43ನೇ ವಲಯ. 78 ಡಿಗ್ರಿ ರೇಖಾಂಶ ದಾಟಿದರೆ 44. ಕೋಲಾರ ಪಟ್ಟಣ ಆಚೆ ಬದಿಗೆ ಬೀಳುತ್ತದೆ. ಒಂದೇ ಯೋಜನೆಯಲ್ಲಿ ಎರಡೂ ಕಡೆಯ ಲೇಯರ್ ಇದ್ದರೆ ಯಾವುದಾದರೂ ಒಂದೇ ವಲಯಕ್ಕೆ ತಂದುಕೊಳ್ಳಿ.

ಹಳ್ಳದ ಗೆರೆಯುದ್ದಕ್ಕೂ ಕೆಂಪು: ಎಲ್‌ಎಸ್ ದೋಷ

ನಾನು ನೋಡಿದ ನಕ್ಷೆಗಳಲ್ಲಿ ಅತಿ ಹೆಚ್ಚು ಸಿಗುವ ದೋಷ ಇದು. ಪತ್ತೆ ಮಾಡುವುದು ಸುಲಭ. ಸರಾಸರಿಯ ಜೊತೆ ಮಧ್ಯಾಂಕವನ್ನೂ (ಬೆಲೆಗಳನ್ನು ಸಾಲಾಗಿ ಜೋಡಿಸಿದಾಗ ನಟ್ಟನಡುವೆ ಬರುವುದು) ತೆಗೆಯಿರಿ. ಸರಾಸರಿ 38, ಮಧ್ಯಾಂಕ 9 ಅಂತ ಬಂದರೆ ಕೆಲವೇ ಪಿಕ್ಸೆಲ್‌ಗಳು ಇಡೀ ಲೆಕ್ಕವನ್ನು ಹೊತ್ತಿವೆ ಅಂತ ಅರ್ಥ. ಆ ಪಿಕ್ಸೆಲ್‌ಗಳು ಎಲ್ಲಿವೆ ನೋಡಿ. ಹಳ್ಳದ ಉದ್ದಕ್ಕೂ ದಾರದ ಹಾಗೆ ಇದ್ದರೆ ಕಳ್ಳ ಸಿಕ್ಕ.

ಕಾರಣ ಇಷ್ಟೇ. ಯುಎಸ್‌ಎಲ್‌ಇಯ ಮೂಲ ಮಾಪನ 22.13 ಮೀಟರ್ ಉದ್ದ, ಶೇಕಡ 9 ಇಳಿಜಾರಿನ ತುಂಡು ನೆಲ. ವಿಶ್‌ಮಯರ್ ಮತ್ತು ಸ್ಮಿತ್ 1965ರಲ್ಲೂ 1978ರಲ್ಲೂ ಪ್ರಕಟಿಸಿದ ಸೂತ್ರ ಇಂಥ ಹೊಲದ ತುಂಡುಗಳ ಮೇಲೆ ನಿಂತಿದೆ. ಹೊಲದ ಮೇಲೆ ನೀರು ಹರಡಿಕೊಂಡು ಹರಿಯುವ ದೂರ ಸಾಮಾನ್ಯವಾಗಿ 120 ಮೀಟರ್ ದಾಟುವುದಿಲ್ಲ. ಅಷ್ಟರಲ್ಲಿ ಅದು ಕಾಲುವೆಗೋ ಹಳ್ಳಕ್ಕೋ ಸೇರಿರುತ್ತದೆ. ಕಂಪ್ಯೂಟರಿಗೆ ಇದು ಗೊತ್ತಿಲ್ಲ. ಮೇಲಿನಿಂದ ಹರಿದುಬರುವ ಪಿಕ್ಸೆಲ್‌ಗಳನ್ನು ಸುಮ್ನೆ ಎಣಿಸುತ್ತಾ ಹೋಗುತ್ತದೆ. 30 ಮೀಟರಿನ 4 ಪಿಕ್ಸೆಲ್ ಸೇರಿದಾಗ ಉದ್ದದ ಅಂಶ 2ರ ಹತ್ತಿರ. ಹಳ್ಳದಲ್ಲಿ 2,000 ಪಿಕ್ಸೆಲ್ ಸೇರಿದಾಗ ಅದೇ ಅಂಶ 23 ದಾಟುತ್ತದೆ. ಹನ್ನೆರಡು ಪಟ್ಟು! ಅದೂ ಸೂತ್ರಕ್ಕೆ ಸಂಬಂಧವೇ ಇಲ್ಲದ ಜಾಗದಲ್ಲಿ. ಹಳ್ಳದ ಪಾತ್ರ, ಕೊರಕಲು, ದಡ ಕುಸಿತ ಇವು ಯಾವುವೂ ಯುಎಸ್‌ಎಲ್‌ಇಯ ವ್ಯಾಪ್ತಿಯಲ್ಲಿಲ್ಲ.

ಪರಿಹಾರ: ಸೇರುವ ಪಿಕ್ಸೆಲ್‌ಗೆ ಮಿತಿ ಹಾಕಿ, ಹಳ್ಳ ಮತ್ತು ಕೆರೆ ಅಂಗಳವನ್ನು ಲೆಕ್ಕದಿಂದ ಹೊರಗಿಡಿ, ಮತ್ತೆ ಸರಾಸರಿ ತೆಗೆಯಿರಿ. ನಮ್ಮ ಉದಾಹರಣೆಯಲ್ಲಿ 38 ಇದ್ದದ್ದು 22ಕ್ಕೆ ಬಂತು ಅಂತಿಟ್ಟುಕೊಳ್ಳೋಣ.

ಎಲ್‌ಎಸ್ ನಕ್ಷೆಯಲ್ಲಿ ಇನ್ನೊಂದು ಗುರುತು ಹುಡುಕಿ: ಆಯತಗಳು. ನೆಟ್ಟಗೆ ನಾಲ್ಕು ಮೂಲೆ ಇರುವ ಕೆಂಪು ಚೌಕಟ್ಟು ಕಂಡರೆ ಅದು ನೆಲದ ಇಳಿಜಾರಲ್ಲ. ಎಸ್‌ಆರ್‌ಟಿಎಂ ಅನ್ನುವ ಡಿಇಎಂನ ಎತ್ತರವನ್ನು 2000ದ ಫೆಬ್ರುವರಿಯಲ್ಲಿ ಬಾಹ್ಯಾಕಾಶ ನೌಕೆಯ ರೇಡಾರ್‌ನಿಂದ ಅಳೆದದ್ದು. ಅದು ನೀಲಗಿರಿ ತೋಪಿನ ನೆತ್ತಿಯನ್ನೇ ಹೆಚ್ಚುಕಡಿಮೆ ನೆಲ ಅಂದುಕೊಳ್ಳುತ್ತದೆ. ತೋಪಿನ ಅಂಚು ಪ್ರಪಾತ ಆಗುತ್ತದೆ. ಆ ಮರ ಕಡಿದು ಈಗ ಲೇಔಟ್ ಆಗಿದ್ದರೂ ಪ್ರಪಾತ ಮಾತ್ರ ನಕ್ಷೆಯಲ್ಲಿ ಶಾಶ್ವತ. ಜೊತೆಗೆ ನಮ್ಮ ಸೀಮೆಯ ಹೊಲಗಳ ಇಳಿಜಾರು ಬಹುಪಾಲು ಶೇಕಡ 2ರಿಂದ 4. ಎತ್ತರವನ್ನು ಪೂರ್ಣ ಮೀಟರಿನಲ್ಲಿ ಕೊಡುವ ಡಿಇಎಂನಲ್ಲಿ ಅಕ್ಕಪಕ್ಕದ ಎರಡು ಪಿಕ್ಸೆಲ್‌ಗೆ ಒಂದು ಮೀಟರ್ ವ್ಯತ್ಯಾಸ ಬಂದರೆ ಅದೇ ಶೇಕಡ 3.3. ಅಂದರೆ ಅಳತೆಯ ಏರುಪೇರೇ ಇಳಿಜಾರಿನಷ್ಟಿದೆ. ಇಸ್ರೋದ ಭುವನ್ ಜಾಲತಾಣದಲ್ಲಿ ಉಚಿತವಾಗಿ ಸಿಗುವ ಕಾರ್ಟೋಡೆಮ್ ಅನ್ನುವ ಡಿಇಎಂ ಹಾಕಿ ಅದೇ ಲೆಕ್ಕ ಮಾಡಿ ನೋಡಿ. ಎರಡು ಡಿಇಎಂ ಎರಡು ಉತ್ತರ ಕೊಟ್ಟರೆ ಆ ವ್ಯತ್ಯಾಸವೇ ನಿಮ್ಮ ಎಲ್‌ಎಸ್‌ನ ಅನಿಶ್ಚಿತತೆ, ಬರೆದಿಟ್ಟುಕೊಳ್ಳಿ.

ಬೆಳೆ ಹೊದಿಕೆ: ಫೆಬ್ರುವರಿಯ ಚಿತ್ರ, ಸೆಪ್ಟೆಂಬರಿನ ಮಳೆ

ಉಪಗ್ರಹ ಚಿತ್ರ ಹುಡುಕುವವರಿಗೆ ಮೋಡ ಇರಬಾರದು. ಮೋಡ ಇಲ್ಲದ ತಿಂಗಳು ಯಾವುದು? ಜನವರಿ, ಫೆಬ್ರುವರಿ, ಮಾರ್ಚ್. ಆಗ ರಾಗಿ ಕೊಯ್ದು, ಮೆದೆ ಒಟ್ಟಿ, ಹೊಲ ಖಾಲಿ ಬಿದ್ದಿರುತ್ತದೆ. ಎನ್‌ಡಿವಿಐ (ಉಪಗ್ರಹ ಚಿತ್ರದಿಂದ ತೆಗೆಯುವ ಹಸಿರಿನ ಸೂಚ್ಯಂಕ) 0.2. ಎಲ್ಲರೂ ಬಳಸುವ ಘಾತ ಸೂತ್ರಕ್ಕೆ ಹಾಕಿದರೆ ಸಿ ಬೆಲೆ 0.61. ಅದೇ ಹೊಲದಲ್ಲಿ ಸೆಪ್ಟೆಂಬರಿನಲ್ಲಿ ರಾಗಿ ತುಂಬಿ ನಿಂತಾಗ ಎನ್‌ಡಿವಿಐ 0.6 ಇದ್ದರೆ ಸಿ 0.05. ಒಂದೇ ಹೊಲ, ಹನ್ನೆರಡು ಪಟ್ಟು ವ್ಯತ್ಯಾಸ. ಆ ಸೂತ್ರವೂ ಯುರೋಪಿನ ನೆಲಕ್ಕೆ ಹೊಂದಿಸಿದ್ದು ಅನ್ನುವುದು ಬೇರೆ ಮಾತು.

ಹಾಗಂತ ಸೆಪ್ಟೆಂಬರ್ ಚಿತ್ರ ಒಂದನ್ನೇ ಹಾಕಿದರೂ ತಪ್ಪೇ. "ಭರಣಿ ಮಳೆ ಬಂದರೆ ಧರಣಿಯೆಲ್ಲಾ ಬೆಳೆ" ಅಂತ ಗಾದೆ ಇದೆ. ಆದರೆ ಭರಣಿ, ಕೃತ್ತಿಕೆ ಮಳೆ ಬೀಳುವುದು ಉಳುಮೆ ಮಾಡಿ ಬಿಟ್ಟ ಹೊಲದ ಮೇಲೆ. ಸಂಜೆ ಗುಡುಗಿನ ಜೊತೆ ಒಂದು ಗಂಟೆ ರಪರಪ ಸುರಿದು ಹೋಗುತ್ತದೆ. ಮರುದಿನ ಬೆಳಗ್ಗೆ ಹೋದರೆ ನೇಗಿಲ ಸಾಲಿನುದ್ದಕ್ಕೂ ಬೆರಳಗಲದ ಗೀರು, ಹೊಲದ ಕೆಳಮೂಲೆಯಲ್ಲಿ ಬೀಸಣಿಗೆಯಾಕಾರದಲ್ಲಿ ನುಣ್ಣನೆ ಕೆಂಪು ಮರಳು.

ಸರಿಯಾದ ದಾರಿ ಆರ್‌ಯುಎಸ್‌ಎಲ್‌ಇ ಪುಸ್ತಕದಲ್ಲೇ ಇದೆ. ವರ್ಷವನ್ನು ಕಾಲಗಳಾಗಿ ಒಡೆದು, ಪ್ರತಿ ಕಾಲದ ಹೊದಿಕೆಗೆ ಆ ಕಾಲದ ಮಳೆ ಹೊಡೆತದ ಪಾಲನ್ನು ತೂಕವಾಗಿ ಕೊಡುವುದು. ಆರ್‌ನ ಮೂರನೇ ಒಂದು ಪಾಲು ಬರಿ ಹೊಲದ ಮೇಲೆ (ಸಿ 0.6), ಮೂರನೇ ಎರಡು ಪಾಲು ಬೆಳೆಯ ಮೇಲೆ (ಸಿ 0.1) ಅಂದರೆ ವರ್ಷದ ಸಿ 0.27. ಫೆಬ್ರುವರಿ ಚಿತ್ರದ 0.61ಕ್ಕೆ ಹೋಲಿಸಿದರೆ ಅರ್ಧಕ್ಕಿಂತ ಕಡಿಮೆ. ನಮ್ಮ 22 ಟನ್ ಈಗ 13ಕ್ಕೆ ಇಳಿಯಿತು ಅನ್ನಿ.

ನೀಲಗಿರಿಯದು ಇದಕ್ಕೆ ತದ್ವಿರುದ್ಧ. ಮೇಲಿನಿಂದ ವರ್ಷವಿಡೀ ಹಸಿರು, ಸಿ 0.05, ನಕ್ಷೆಯಲ್ಲಿ ಅತಿ ಸುರಕ್ಷಿತ ಜಾಗ. ದೊಡ್ಡಬಳ್ಳಾಪುರದ ಕಡೆಯ ಯಾವುದಾದರೂ ತೋಪಿನೊಳಗೆ ಹೋಗಿ ಕೂತು ನೋಡಿ. ಕೆಳಗೆ ಹುಲ್ಲು ಕಡಿಮೆ. ಉದುರಿದ ಎಲೆಯನ್ನು ಒಲೆಗೆ ಗುಡಿಸಿಕೊಂಡು ಹೋಗಿರುತ್ತಾರೆ. ನೆಲ ಗಟ್ಟಿ, ಮೇಲೆ ತೆಳು ಹೆಪ್ಪು. ಸಣ್ಣ ಬೆಣಚುಕಲ್ಲು ಒಂದೊಂದೂ ಅರ್ಧ ಬೆರಳೆತ್ತರದ ಮಣ್ಣಿನ ಪೀಠದ ಮೇಲೆ ನಿಂತಿರುತ್ತದೆ. ಕಲ್ಲಿನ ಕೆಳಗಿನ ಮಣ್ಣು ಉಳಿದಿದೆ, ಸುತ್ತಲಿನದು ಹನಿಯ ಏಟಿಗೆ ಹೋಗಿದೆ. ಆ ಪೀಠದ ಎತ್ತರ ಸ್ಕೇಲಿನಲ್ಲಿ ಅಳೆದರೆ ನೆಲ ಎಷ್ಟು ಸವೆದಿದೆ ಅನ್ನುವುದಕ್ಕೆ ಕಣ್ಣೆದುರಿನ ಸಾಕ್ಷಿ. ಎನ್‌ಡಿವಿಐಗೆ ಇದು ಯಾವುದೂ ಕಾಣುವುದಿಲ್ಲ. ತೋಪುಗಳಿಗೆ ಸಿ ಬೆಲೆಯನ್ನು ಕೈಯಾರೆ, ನೆಲ ನೋಡಿ ಕೊಡಿ. 13 ಟನ್ 14 ಆಗಬಹುದು. ಅದಕ್ಕಿಂತ ಮುಖ್ಯ, ಕೆಂಪು ಎಲ್ಲಿರಬೇಕೋ ಅಲ್ಲಿಗೆ ಬರುತ್ತದೆ.

ಮಳೆ, ಮಣ್ಣು, ಬದು: ಚುಟುಕಾಗಿ

ಮಳೆಯ ಹೊಡೆತ ಅಂದರೆ ಅದರ ಶಕ್ತಿ ಮತ್ತು 30 ನಿಮಿಷದ ಅತಿ ಜೋರಿನ ಗುಣಲಬ್ಧ. ದಿನದ ಒಟ್ಟು ಮಳೆಯಲ್ಲಿ ಇದು ಸಿಗದು. ಒಂದು ಗಂಟೆಯಲ್ಲಿ ಬಿದ್ದ 60 ಮಿಲಿಮೀಟರೂ ದಿನವಿಡೀ ಜಿನುಗಿದ 60 ಮಿಲಿಮೀಟರೂ ದಿನದ ಲೆಕ್ಕದಲ್ಲಿ ಒಂದೇ. ಇನ್ನು 25 ಕಿಲೋಮೀಟರಿಗೂ ಜಾಸ್ತಿ ಅಗಲದ ಚೌಕದ ಸರಾಸರಿ ಮಳೆ ಹಾಕಿದರೆ, ಯಲಹಂಕದಲ್ಲಿ ಸುರಿದದ್ದು ಜಯನಗರದ ಬಿಸಿಲಿನ ಜೊತೆ ಕಲಸಿಹೋಗುತ್ತದೆ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು 15 ನಿಮಿಷಕ್ಕೊಮ್ಮೆ ಅಳೆಯುತ್ತವೆ. ನಮ್ಮಲ್ಲಿ ಅಂಥ ದತ್ತಾಂಶ ಇದ್ದೂ ವಾರ್ಷಿಕ ಸೂತ್ರಕ್ಕೆ ಜೋತುಬೀಳುವುದು ನನಗೆ ಸರಿ ಕಾಣುವುದಿಲ್ಲ. ಇನ್ನೊಂದು: ನಗರದಲ್ಲಿ 2017ರಲ್ಲಿ 1,700 ಮಿಲಿಮೀಟರ್ ಹತ್ತಿರ ಮಳೆ ಬಂತು, 2022 ಅದನ್ನೂ ಮೀರಿಸಿತು. ಅಂಥ ವರ್ಷದ ಹೂಳನ್ನು ಸರಾಸರಿ ಆರ್‌ನ ಉತ್ತರಕ್ಕೆ ಹೋಲಿಸಿ ಮಾಡೆಲ್ ಕಡಿಮೆ ಹೇಳುತ್ತದೆ ಅನ್ನಬೇಡಿ.

ಕೆ ಅಂಶದಲ್ಲಿ ಸಾಮಾನ್ಯ ಎಡವಟ್ಟು: ಮಣ್ಣು ಆರೋಗ್ಯ ಕಾರ್ಡಿನಲ್ಲಿರುವುದು ಸಾವಯವ ಇಂಗಾಲ, ಸೂತ್ರ ಕೇಳುವುದು ಸಾವಯವ ವಸ್ತು. 1.724ರಿಂದ ಗುಣಿಸಬೇಕು. ನಮ್ಮ ಕೆಂಪು ನೆಲದ ಮೇಲಿರುವ ಜಲ್ಲಿಯೂ ಹೊದಿಕೆಯೇ, ಅದು ಹನಿಯ ಏಟು ತಡೆಯುತ್ತದೆ. ರಾಜ್ಯದ ಸುಜಲ ಜಲಾನಯನ ಯೋಜನೆಯಲ್ಲಿ ಭೂ ಸಂಪನ್ಮೂಲ ಸಮೀಕ್ಷೆ ಆದ ಜಲಾನಯನವಾದರೆ ಜಾಗತಿಕ ಮಣ್ಣಿನ ನಕ್ಷೆ ಬಿಟ್ಟು ಅದನ್ನೇ ಬಳಸಿ.

ಪಿ ಅಂಶಕ್ಕೆ ಬದು ಇದೆಯಾ ಅನ್ನುವುದಕ್ಕಿಂತ ಬದು ಗಟ್ಟಿಯಾಗಿದೆಯಾ ಅಂತ ನೋಡಬೇಕು. ಒಡೆದ ಬದು ನೀರನ್ನು ಒಂದೇ ಕಡೆ ನುಗ್ಗಿಸುತ್ತದೆ, ಅಲ್ಲಿ ಪಿ ಬೆಲೆ ಕಡಿಮೆ ಮಾಡುವುದಕ್ಕೆ ಕಾರಣವೇ ಇಲ್ಲ.

ಸ್ವಾಟ್ ಬಳಸುವವರಿಗೆ

ಸ್ವಾಟ್ ಅಂದರೆ ಜಲಾನಯನದ ನೀರಿನ ಹರಿವು, ಹೂಳು ಎರಡನ್ನೂ ಲೆಕ್ಕ ಹಾಕುವ ಮಾಡೆಲ್. ಅದರ ಒಳಗಿರುವುದು ಯುಎಸ್‌ಎಲ್‌ಇಯ ಇನ್ನೊಂದು ರೂಪ, ಎಂಯುಎಸ್‌ಎಲ್‌ಇ. ವಿಲಿಯಮ್ಸ್ 1975ರಲ್ಲಿ ಮಳೆಯ ಜಾಗಕ್ಕೆ ಹರಿದ ನೀರಿನ ಪ್ರಮಾಣ ಮತ್ತು ರಭಸ ಹಾಕಿ ಮಾಡಿದ್ದು. ಇದು ಹರಿದು ಹೊರಬರುವ ಹೂಳನ್ನೇ ಕೊಡುತ್ತದೆ. ಅದಕ್ಕೆ ಮತ್ತೆ ವನೋನಿ ಪಾಲು ಗುಣಿಸಿದವರು ಇದ್ದಾರೆ. ಉತ್ತರ ತೀರಾ ಕಡಿಮೆ ಬರುತ್ತಿದ್ದರೆ ಮೊದಲು ಇದನ್ನು ನೋಡಿ.

ನೀರಿನ ಹರಿವು ತಪ್ಪಿದ್ದರೆ ಹೂಳೂ ತಪ್ಪು. ವೃಷಭಾವತಿಯಲ್ಲಿ ಬೇಸಿಗೆಯಲ್ಲೂ ನೀರು ಹರಿಯುತ್ತದೆ, ಅಲ್ವಾ? ಅದು ಅಂತರ್ಜಲ ಒಸರಿದ್ದಲ್ಲ. ಕಾವೇರಿಯಿಂದ ಪಂಪ್ ಮಾಡಿ ತಂದ ನೀರು ನಮ್ಮ ಮನೆಗಳ ಚರಂಡಿಯಿಂದ ಇಳಿದದ್ದು. ಅದನ್ನು ಲೆಕ್ಕಕ್ಕೆ ಹಾಕದೆ ಮಾಡೆಲ್ ಹೊಂದಿಸಿದರೆ, ಇಲ್ಲದ ಅಂತರ್ಜಲವನ್ನು ಮಾಡೆಲ್ ಹುಟ್ಟಿಸಿಕೊಳ್ಳುತ್ತದೆ. ನೀರಿನಲ್ಲಿ ತೇಲುವ ಕೊಳಚೆಯ ಗಸಿಯನ್ನೂ ಹೊಲದ ಮಣ್ಣು ಅಂತ ಎಣಿಸುತ್ತೀರಿ. ನಗರದೊಳಗಿನ ಕೆರೆಗಳ ಹೂಳೂ ಹಾಗೇ. ಅದರಲ್ಲಿ ಪಾಯ ತೋಡಿದ ಮಣ್ಣು, ಕಟ್ಟಡದ ಅವಶೇಷ, ಕೊಳಚೆ ಎಲ್ಲ ಸೇರಿರುತ್ತದೆ. ಮಾಡೆಲ್ ಪರೀಕ್ಷೆಗೆ ಅದು ಬೇಡ. ಊರಾಚೆಯ ಕೆರೆ ಹುಡುಕಿ.

ಹೊಂದಾಣಿಕೆಯ ಅಂಕದ ಬಗ್ಗೆಯೂ ಒಂದು ಮಾತು. ಮೊರಿಯಾಸಿ ಮತ್ತು ಸಂಗಡಿಗರು 2007ರಲ್ಲಿ ಕೊಟ್ಟ ಮಟ್ಟದ ಪ್ರಕಾರ ಹೂಳಿನ ತಿಂಗಳ ಲೆಕ್ಕದಲ್ಲಿ ಶೇಕಡ 55ರವರೆಗಿನ ಏರುಪೇರೂ "ತೃಪ್ತಿಕರ". ನೀರಿಗೆ ಆ ಮಿತಿ ಶೇಕಡ 25. "ತೃಪ್ತಿಕರ" ಅನ್ನುವ ಪದವನ್ನು ವರದಿಯಲ್ಲಿ ಓದಿದಾಗ ಈ 55 ನೆನಪಿರಲಿ.

ಎಲ್ಲ ಸರಿ ಮಾಡಿದ ಮೇಲೆ ಎಷ್ಟು ನಂಬಬೇಕು?

ಈಗ ಮಾಡೆಲ್ 14, ಕೆರೆ 11.5. ಪಿ ಮುಟ್ಟಿಲ್ಲ. ಇನ್ನೂ ಹತ್ತಿರ ತರಬೇಕಾ? ಬೇಡ. ಅಮೆರಿಕದ ಮಿಸೌರಿಯಲ್ಲಿ ಒಂದೇ ಥರ ಉಳುಮೆ ಮಾಡಿದ 40 ತುಂಡು ನೆಲಗಳನ್ನು ಪಕ್ಕಪಕ್ಕ ಇಟ್ಟು ಅಳೆದಿದ್ದರು. ಒಂದೇ ಮಳೆಗೆ ಅವುಗಳ ನಡುವಿನ ಏರುಪೇರು ಶೇಕಡ 18ರಿಂದ 91ರವರೆಗೆ ಇತ್ತು. ಅವಳಿ ನೆಲಗಳೇ ಹೀಗಾದರೆ ಮಾಡೆಲ್ ಪಾಡೇನು? 1993ರಲ್ಲಿ ಯುಎಸ್‌ಎಲ್‌ಇಯನ್ನು ಅದರ ತವರಿನ 208 ತುಂಡು ನೆಲಗಳ ಮೇಲೆ ಪರೀಕ್ಷಿಸಿದಾಗ ಹಲವು ವರ್ಷಗಳ ಸರಾಸರಿಗೆ ಹೊಂದಾಣಿಕೆಯ ಅಂಕ (1 ಅಂದರೆ ಪೂರ್ತಿ ಹೊಂದಿಕೆ) 0.75, ಒಂದೊಂದು ವರ್ಷಕ್ಕೆ 0.58. ಕಡಿಮೆ ಸವಕಳಿ ಇರುವಲ್ಲಿ ಜಾಸ್ತಿ ಹೇಳುವುದು, ಜಾಸ್ತಿ ಇರುವಲ್ಲಿ ಕಡಿಮೆ ಹೇಳುವುದು ಅದರ ಹುಟ್ಟುಗುಣ.

ನಿಮ್ಮದೇ ಅನಿಶ್ಚಿತತೆ ಲೆಕ್ಕ ಹಾಕಿ. ಆರ್ ಶೇಕಡ 20, ಕೆ 30, ಎಲ್‌ಎಸ್ 30, ಸಿ 50, ಪಿ 30 ಅಂತ ಹಿಡಿದುಕೊಳ್ಳಿ. ಪ್ರತಿಯೊಂದರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ ಶೇಕಡ 75. ಆದ್ದರಿಂದ ವರದಿಯಲ್ಲಿ 14.27 ಅಂತ ಬರೆಯುವುದರಲ್ಲಿ ಅರ್ಥವಿಲ್ಲ. "ಸುಮಾರು 14 ಟನ್, 4ರಿಂದ 25ರ ನಡುವೆ" ಅಂತ ಬರೆಯಿರಿ. ಮೇಲಿನವರು ಒಂದೇ ಅಂಕಿ ಬೇಕು ಅಂತ ಹಟ ಹಿಡಿಯುತ್ತಾರೆ. ಕೊಡಿ, ಪಕ್ಕದಲ್ಲೇ ವ್ಯಾಪ್ತಿಯನ್ನೂ ಕೊಡಿ.

ಕೆರೆಯ ಹೂಳು ಅಳೆಯುವವರಿಗೆ: ಏಪ್ರಿಲ್, ಮೇ ತಿಂಗಳಲ್ಲಿ ಅಂಗಳ ಒಣಗಿದಾಗ ತೂಬಿನ ಹತ್ತಿರ, ನಡುವೆ, ಹಳ್ಳ ಸೇರುವ ಬಾಯಲ್ಲಿ ಗುಂಡಿ ತೋಡಿ. ಹಳೆಯ ತಳ ಗಟ್ಟಿ, ಬಣ್ಣ ಬೇರೆ, ಜಲ್ಲಿ ಸಿಗುತ್ತದೆ. ರೈತರು ಗೋಡು ಹೊಡೆದುಕೊಂಡು ಹೋಗಿದ್ದಾರಾ, ಇಟ್ಟಿಗೆ ಗೂಡಿಗೆ ಮಣ್ಣು ಹೋಗಿದೆಯಾ ಅಂತ ಊರಿನಲ್ಲಿ ಕೇಳಿ. ಹೋಗಿದ್ದರೆ ಎಷ್ಟು ಟ್ರ್ಯಾಕ್ಟರ್ ಲೋಡು ಅಂತ ಅವರೇ ಹೇಳುತ್ತಾರೆ, ಅದನ್ನೂ ಕೂಡಿಸಿ.

ಕೆಲಸ ಎಲ್ಲಿ ಮೊದಲು ಶುರು ಮಾಡಬೇಕು ಅನ್ನುವುದಷ್ಟೇ ಪ್ರಶ್ನೆಯಾದರೆ ಟನ್ ಲೆಕ್ಕಕ್ಕೆ ಅಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ. ಡಿಇಎಂ ಬದಲಾಯಿಸಿ ಒಮ್ಮೆ, ಸಿ ಬದಲಾಯಿಸಿ ಒಮ್ಮೆ, ಆರ್ ಬದಲಾಯಿಸಿ ಒಮ್ಮೆ ಮಾಡೆಲ್ ಓಡಿಸಿ. ಪ್ರತಿ ಸಲವೂ ಅತಿ ಹೆಚ್ಚು ಸವಕಳಿಯ ಐದನೇ ಒಂದು ಪಾಲಿನಲ್ಲಿ ಬರುವ ಹೊಲಗಳು ಯಾವುವು ನೋಡಿ. ಅವುಗಳ ಬದು ದುರಸ್ತಿ ಕಣ್ಣುಮುಚ್ಚಿ ಶುರು ಮಾಡಬಹುದು. ಒಮ್ಮೆ ಬಂದು ಇನ್ನೊಮ್ಮೆ ಮಾಯವಾಗುವ ಹೊಲಗಳಿಗೆ ನಡೆದುಹೋಗಿ ನೋಡಬೇಕು. ಕೊರಕಲು ಮತ್ತು ಹಳ್ಳದ ದಡದ ಕುಸಿತವನ್ನು ಈ ಮಾಡೆಲ್‌ಗಳು ಹೇಗೂ ತೋರಿಸುವುದಿಲ್ಲ. ತಡೆ ಅಣೆಯ ಜಾಗ ಗೊತ್ತು ಮಾಡುವುದಾದರೆ ಚಿತ್ತೆ, ಸ್ವಾತಿ ಮಳೆ ಮುಗಿದ ವಾರದಲ್ಲಿ ಮೊಬೈಲಿನ ಜಿಪಿಎಸ್ ಹಿಡಿದು ಹಳ್ಳದ ಗುಂಟ ನಡೆದೇ ಗುರುತು ಹಾಕಿಕೊಂಡು ಬನ್ನಿ.